ಕಾರಿನೊಳಗಿನ ಸದ್ದು ಇಳಿಸುವ ಕೆಲಸ: ಡಿಕ್ಕಿ, ವೀಲ್ ಆರ್ಚ್ ಮುಗಿಯಿತು, ಫ್ಲೋರ್ ಬಾಕಿ

ಸದ್ದು ಇಳಿಸಲೆಂದು ಕಾರಿನ ತಗಡಿಗೆ ಒಳಗಿನಿಂದ ಶೀಟ್ ಅಂಟಿಸುತ್ತಿದ್ದೇನೆ. ನಾಲ್ಕು ಬಾಗಿಲುಗಳ ಕೆಲಸ ಮೊದಲೇ ಮುಗಿದಿತ್ತು. ಈಗ ಡಿಕ್ಕಿ, ಡಿಕ್ಕಿಯ ಬಾಗಿಲು, ಹಿಂದಿನ ಎರಡು ವೀಲ್ ಆರ್ಚ್ (ಚಕ್ರದ ಮೇಲಿನ ಕಮಾನಿನಂಥ ತಗಡು) ಕೂಡ ಆಯಿತು. ಫ್ಲೋರ್ ಇನ್ನೂ ಮುಟ್ಟಿಲ್ಲ.

ಕಾರು ಸಣ್ಣ ಹ್ಯಾಚ್‌ಬ್ಯಾಕ್, ಮೂರು ಸಿಲಿಂಡರ್ ಪೆಟ್ರೋಲ್. ಓಡಾಟ ಹೆಚ್ಚಾಗಿ ತುಮಕೂರು–ಬೆಂಗಳೂರು ಹೆದ್ದಾರಿಯಲ್ಲಿ. 80 ದಾಟಿದರೆ ಹಿಂದೆ ಕೂತವರ ಮಾತು ಕೇಳಿಸುತ್ತಿರಲಿಲ್ಲ. ಬೆಂಗಳೂರಿನ ಒಳಗೆ ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟ್ ರಸ್ತೆ ಸಿಕ್ಕರೆ ಟೈರಿನ ಗುಂಯ್ ಸದ್ದು ಬೇರೆ.

ಶೀಟ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಬೇರೆಯವರಿಗೆ ಸ್ಟೀರಿಂಗ್ ಕೊಟ್ಟು, ಹಿಂದಿನ ಸೀಟಿನಲ್ಲಿ ಕೂತು ಸುಮ್ನೆ ಕಿವಿಗೊಡಬೇಕು. ನಮ್ಮ ಕಾರಿನಲ್ಲಿ ಕೇಳಿದ್ದು ಮೂರು ಬಗೆಯ ಸದ್ದು. ಹಿಂದಿನ ಚಕ್ರಗಳ ಕಡೆಯಿಂದ ಒಂದೇ ಸಮ ಬರುವ ಟೈರಿನ ಸದ್ದು. ಎಂಜಿನ್ 2400 ಆರ್‌ಪಿಎಂ ಆಸುಪಾಸು ಬಂದಾಗ ಎದೆಗೆ ತಟ್ಟುವ ದಪ್ಪ ಗುಮ್ ಸದ್ದು. ವೇಗ ಜಾಸ್ತಿಯಾದಾಗ ಕನ್ನಡಿ ಮತ್ತು ಬಾಗಿಲಿನ ಅಂಚಿನಿಂದ ಬರುವ ಗಾಳಿಯ ಸದ್ದು. ಮೂರಕ್ಕೂ ಮದ್ದು ಬೇರೆ ಬೇರೆ.

ಬೆಂಗಳೂರಿನ ಜೆ.ಸಿ. ರೋಡಿನ ಅಂಗಡಿಗಳಲ್ಲಿ ಡ್ಯಾಂಪಿಂಗ್, ಅಂದರೆ ನಡುಕ ತಗ್ಗಿಸುವ ಶೀಟ್, ಅಂತ ಕೇಳಿದರೆ ಕೊಡುವುದು ಅಲ್ಯೂಮಿನಿಯಂ ಹಾಳೆ ಅಂಟಿಸಿದ ಬ್ಯೂಟೈಲ್ ರಬ್ಬರ್ ಶೀಟ್. ಇದು ಸದ್ದನ್ನು ತಡೆಯುವ ಗೋಡೆಯಲ್ಲ. ಸ್ಟೀಲ್ ತಟ್ಟೆ ನೆಲಕ್ಕೆ ಬಿದ್ದು ಗಣಗಣ ಅನ್ನುವಾಗ ಅದರ ಮೇಲೆ ಅಂಗೈ ಇಟ್ಟರೆ ನಿಲ್ಲುತ್ತದಲ್ಲ, ಶೀಟಿನ ಕೆಲಸವೂ ಅಷ್ಟೇ. ತಗಡು ನಡುಗಿದಾಗ ಲೋಹಕ್ಕೂ ಮೇಲಿನ ಅಲ್ಯೂಮಿನಿಯಂಗೂ ನಡುವೆ ಸಿಕ್ಕ ರಬ್ಬರ್ ಎಳೆದಾಡುತ್ತದೆ. ನಡುಕದ ಶಕ್ತಿ ಅಲ್ಲೇ ಶಾಖವಾಗಿ ಕರಗುತ್ತದೆ. ಹಾಗಾಗಿ ಇಡೀ ಕಾರಿನ ಒಳಗೆ ಬೆಳ್ಳಿಯ ಹಾಗೆ ಹೊಳೆಯುವಂತೆ ಅಂಟಿಸಬೇಕಾಗಿಲ್ಲ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಅಗಲವಾದ ತಗಡಿನ ನಡುಭಾಗದಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಮುಚ್ಚಿದರೆ ಹೆಚ್ಚಿನ ಲಾಭ ಬಂದುಬಿಡುತ್ತದೆ. 2 ಮಿ.ಮೀ. ಶೀಟ್ ಚದರ ಮೀಟರಿಗೆ ಸುಮಾರು ಮೂರು ಕಿಲೋ ತೂಗುತ್ತದೆ. ಸಣ್ಣ ಕಾರಿಗೆ ಸುಮ್ಮನೆ ಭಾರ ಯಾಕೆ?

ಎಲ್ಲಿ ಅಂಟಿಸಬೇಕು ಅನ್ನುವುದನ್ನು ಬೆರಳ ಗೆಣ್ಣೇ ಹೇಳುತ್ತದೆ. ತಟ್ಟಿ ನೋಡಿ. ಟಂಯ್ ಅಂದರೆ ಅಂಟಿಸಿ. ಟಕ್ ಅಂತ ಮೊಂಡಾಗಿ ನಿಂತರೆ ಬಿಡಿ. ತಗಡು ಮಡಿಚಿ ಗೆರೆ ಎತ್ತಿದ ಜಾಗ ಮೊದಲೇ ಬಿಗಿಯಾಗಿರುತ್ತದೆ, ಅಲ್ಲಿ ಶೀಟ್ ದಂಡ.

ಡಾಂಬರಿನ ಶೀಟ್ ಅಗ್ಗ. ಚಾವಣಿ ಸೋರದಂತೆ ಹಾಕುವ ಟೇಪನ್ನೇ ಕಾರಿಗೆ ಹಾಕುವವರೂ ಇದ್ದಾರೆ. ನಾನು ಬೇಡವೆಂದೆ. ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಬಿಸಿ 60 ಡಿಗ್ರಿ ದಾಟಬಹುದು. ಆಗ ಡಾಂಬರು ಮೆತ್ತಗಾಗುತ್ತದೆ, ವಾಸನೆ ಬರುತ್ತದೆ, ನೇರ ನಿಂತ ತಗಡಿನ ಮೇಲಿದ್ದರೆ ಜಾರುತ್ತದೆ. ಕಂಪನಿಯವರು ಫ್ಲೋರಿಗೆ ಡಾಂಬರಿನ ಪ್ಯಾಡ್ ಹಾಕುವುದುಂಟು. ಆದರೆ ಅದನ್ನು ಒಲೆಯಲ್ಲಿ ಕಾಯಿಸಿ ತಗಡಿಗೆ ಕೂರಿಸಿರುತ್ತಾರೆ. ಕೈಯಲ್ಲಿ ಅಂಟಿಸಿದ್ದಕ್ಕೂ ಅದಕ್ಕೂ ಹೋಲಿಕೆ ಇಲ್ಲ.

ಡಿಕ್ಕಿಯ ಬಾಗಿಲಿಂದ ಸಿಕ್ಕಷ್ಟು ಖುಷಿ ಬೇರೆಲ್ಲೂ ಸಿಗಲಿಲ್ಲ. ಮೂರು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಒಂದೂವರೆ ಸಲ ಉರಿಯುತ್ತದೆ. 2400 ಆರ್‌ಪಿಎಂ ಅಂದರೆ ಸೆಕೆಂಡಿಗೆ 40 ಸುತ್ತು, 60 ಸಲ ಉರಿ. ಅಂದರೆ 60 ಹರ್ಟ್ಸ್. ಆ ಗುಮ್ ಸದ್ದು ಅದೇ. ಅದರ ಜೊತೆ ಡಿಕ್ಕಿ ಬಾಗಿಲಿನ ಅಗಲ ತಗಡೂ ಸೇರಿ ನಡುಗುತ್ತಿತ್ತು. ಒಳಗಿನ ಪ್ಲಾಸ್ಟಿಕ್ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ನಂಬರ್ ಪ್ಲೇಟಿನ ಹಿಂದಿನ ಜಾಗಕ್ಕೂ ಬಾಗಿಲನ್ನು ಎತ್ತಿ ಹಿಡಿಯುವ ಸ್ಟ್ರಟ್ಟುಗಳ ಪಕ್ಕಕ್ಕೂ ತುಂಡು ತುಂಡಾಗಿ ಅಂಟಿಸಿದೆ. ಶೀಟಿನ ಮೇಲಿನ ಉಬ್ಬು ಗೆರೆಗಳು ಮಾಯವಾಗುವವರೆಗೆ ರೋಲರ್ ಹೊಡೆಯಬೇಕು. ಕೈಯಿಂದ ಒತ್ತಿದರೆ ಸಾಲದು. ಕೈಗವಸು ಹಾಕಿಕೊಳ್ಳಿ, ಕತ್ತರಿಸಿದ ಅಲ್ಯೂಮಿನಿಯಂ ಅಂಚು ಬ್ಲೇಡೇ. ಈಗ ಡಿಕ್ಕಿ ಮುಚ್ಚಿದರೆ ಧಪ್ ಅನ್ನುತ್ತದೆ. ಮನೆಯವರು ಹೊಸ ಕಾರೇನೋ ಅಂತ ನಕ್ಕರು.

ವೀಲ್ ಆರ್ಚ್ ಸ್ವಲ್ಪ ತಾಳ್ಮೆ ಬೇಡುವ ಜಾಗ. ಟೈರು ಅದರ ಕೆಳಗೇ ಉರುಳುತ್ತದೆ, ಕಲ್ಲು ಮರಳು ಅಲ್ಲೇ ಬಡಿಯುತ್ತವೆ. ಒಳಗಡೆ ಬ್ಯೂಟೈಲ್, ಅದರ ಮೇಲೆ 6 ಮಿ.ಮೀ. ಕ್ಲೋಸ್ಡ್ ಸೆಲ್ (ನೀರು ಒಳಗೆ ಇಳಿಯದ) ಫೋಮ್, ಖಾಲಿ ಪೊಳ್ಳಿನಲ್ಲಿ ನೀರು ಹೀರದ ಪಾಲಿಯೆಸ್ಟರ್ ಉಣ್ಣೆ ತುಂಬಿದೆ. ಹಿಂದಿನ ಬಂಪರಿನ ಒಳಗೆ ಗಾಳಿ ಹೊರಹೋಗುವ ರಬ್ಬರ್ ಪದರಗಳಿರುತ್ತವೆ, ಅವುಗಳ ಬಾಯಿಗೆ ಮಾತ್ರ ಏನೂ ತುರುಕಬಾರದು. ಅವು ಮುಚ್ಚಿದರೆ ಬಾಗಿಲು ಹಾಕುವಾಗ ಗಾಳಿ ಹೋಗಲು ದಾರಿ ಇರುವುದಿಲ್ಲ, ಕಿವಿ ಅದುಮುತ್ತದೆ.

ಬಾಗಿಲುಗಳ ಬಗ್ಗೆ ಹಲವರು ಕೇಳಿದ್ದಾರೆ, ಚಿಕ್ಕದಾಗಿ ಹೇಳುತ್ತೇನೆ. ಮಳೆ ನೀರು ಗಾಜಿನ ಪಕ್ಕದಿಂದ ಬಾಗಿಲಿನ ಒಳಗೆ ಇಳಿಯುವುದು ಸಹಜ. ಅದು ತಳದ ತೂತುಗಳಿಂದ ಹೊರಗೆ ಹೋಗಬೇಕು. ಆ ತೂತು ಮುಚ್ಚಿದರೆ ತುಕ್ಕು ಗ್ಯಾರಂಟಿ. ಗಾಜು ಇಳಿಯುವ ದಾರಿಯಲ್ಲಿ ಏನೂ ಇರಬಾರದು. ಕೆಲವು ಕಾರುಗಳಲ್ಲಿ ಅಪಘಾತವಾದಾಗ ಏರ್‌ಬ್ಯಾಗಿಗೆ ಸುದ್ದಿ ಮುಟ್ಟಿಸುವ ಒತ್ತಡದ ಸೆನ್ಸರ್ ಬಾಗಿಲಿನ ಒಳಗೇ ಇರುತ್ತದೆ. ಅದಿದ್ದರೆ ದೊಡ್ಡ ತೂತುಗಳನ್ನು ಮುಚ್ಚುವುದು ಬೇಡ. ರೂಫ್ ಬಿಟ್ಟಿದ್ದೂ ಇದೇ ಯೋಚನೆಯಿಂದ. ಕಿಟಕಿಯ ಮೇಲಿಂದ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇರುವ ಕಡೆ ಒಳಹೊದಿಕೆ ಬಿಚ್ಚಿ ಮತ್ತೆ ಕೂರಿಸುವ ಆಟ ಮನೆಯಲ್ಲಿ ಆಡುವಂಥದ್ದಲ್ಲ.

ಅಳತೆ? ಫೋನಿನ ಆ್ಯಪ್‌ನಲ್ಲಿ, ಅದೇ ರಸ್ತೆ, ಅದೇ 80ರ ವೇಗ, ಗಾಜು ಏರಿಸಿ ಏಸಿ ಆಫ್ ಮಾಡಿ ನೋಡಿದೆ. 71 ಡೆಸಿಬೆಲ್ ಆಸುಪಾಸು ಇದ್ದದ್ದು 69ಕ್ಕೆ ಬಂತು. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಆದರೆ ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ತೋರಿಸುವುದು ಎ-ವೇಟೆಡ್ ಅಳತೆ. 63 ಹರ್ಟ್ಸಿನ ದಪ್ಪ ಸದ್ದನ್ನು ಅದು 26 ಡೆಸಿಬೆಲ್ ಕಡಿತ ಮಾಡಿಯೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಾಗಾಗಿ ಗುಮ್ ಸದ್ದು ಹೋದದ್ದು ಅಂಕಿಯಲ್ಲಿ ಕಾಣಿಸಲೇ ಇಲ್ಲ. ತಲೆಗೆ ಮಾತ್ರ ಗೊತ್ತಾಯಿತು. ಬೆಂಗಳೂರಿಗೆ ಹೋಗಿ ಬಂದರೆ ಮೊದಲಿನಷ್ಟು ದಣಿವಿಲ್ಲ.

ಪೀಣ್ಯ ಫ್ಲೈಓವರಿನ ಜಾಯಿಂಟುಗಳ ದಡಕ್ ದಡಕ್ ಹಾಗೇ ಇದೆ. ಅದು ಸಸ್ಪೆನ್ಶನ್ ಮೂಲಕ ಕಾರಿನ ಮೈಗೆ ಬರುವ ಹೊಡೆತ. ಟೈರಿನ ಒಳಗಿನ ಗಾಳಿಯೇ 200–250 ಹರ್ಟ್ಸ್ ಸುತ್ತಮುತ್ತ ದನಿಗೂಡುವ ಸದ್ದೂ ಅದೇ ದಾರಿಯಲ್ಲಿ ಬರುತ್ತದೆ. ಯಾವ ಶೀಟೂ ಅದನ್ನು ಪೂರ್ತಿ ನಿಲ್ಲಿಸುವುದಿಲ್ಲ. ಗಾಳಿ ಹೊಡೆಯುವ ಕಡೆ ಕಣ್ಣುಮುಚ್ಚಿ 36 ಪಿಎಸ್‌ಐ ತುಂಬಿಸುವ ಬದಲು ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಇದ್ದಷ್ಟೇ ಇಟ್ಟರೆ ಹೊಡೆತ ಸ್ವಲ್ಪ ಮೆತ್ತಗಾಗುತ್ತದೆ. ಇದಕ್ಕೆ ಖರ್ಚೂ ಇಲ್ಲ.

ಗಾಳಿಯ ಸದ್ದಿಗೆ ಬಾಗಿಲಿನ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ನೋಡಿದೆ. ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಎಳೆದರೆ ಎಲ್ಲಿ ಸಡಿಲ ಅಂತ ಗೊತ್ತಾಗುತ್ತದೆ. ಹಿಂದಿನ ಎಡ ಬಾಗಿಲಿನ ಮೇಲಂಚಿನಲ್ಲಿ ಕಾಗದ ಸಲೀಸಾಗಿ ಬಂತು. ಅಲ್ಲಿಗೆ ಮಾತ್ರ ಡಿ ಆಕಾರದ ತೆಳು ರಬ್ಬರ್ ಹಾಕಿದ್ದೇನೆ. ಎಲ್ಲ ಕಡೆ ದಪ್ಪ ಬೀಡಿಂಗ್ ಹಾಕಿದರೆ ಬಾಗಿಲನ್ನು ಬಡಿದು ಮುಚ್ಚಬೇಕಾಗುತ್ತದೆ.

ಮುಂದಿನದು ಫ್ಲೋರ್. ಅಲ್ಲಿ ಬ್ಯೂಟೈಲ್ ಒಂದೇ ಸಾಲದು, ಸದ್ದು ತಡೆಯುವ ಭಾರದ ಹಾಸು ಬೇಕು. ಲೆಕ್ಕದ ಪ್ರಕಾರ ತಡೆಯ ತೂಕ ಎರಡು ಪಟ್ಟಾದರೆ 6 ಡೆಸಿಬೆಲ್ ಇಳಿಯುತ್ತದೆ. ಅದಕ್ಕೆ ಎಂಎಲ್‌ವಿ ಅನ್ನುವ ವಿನೈಲ್ ಹಾಸು ತರಿಸುತ್ತಿದ್ದೇನೆ, ಚದರ ಮೀಟರಿಗೆ 5 ಕಿಲೋ. ಕೆಳಗೆ ಫೋಮ್ ಹಾಸಿ, ತಗಡಿಗೆ ತಾಕದಂತೆ ಇಡಬೇಕು. ಹಾಸಿನ ನಡುವೆ ಸಂದು ಉಳಿಸಿದರೆ ದುಡ್ಡು ದಂಡ. ಸೀಟು ಬಿಚ್ಚುವಾಗ ಅಡಿಯಲ್ಲಿ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ಸಾಲಿನದು. ಬ್ಯಾಟರಿಯ ನೆಗೆಟಿವ್ ತೆಗೆದು ಸ್ವಲ್ಪ ಹೊತ್ತು ಕಾದ ಮೇಲೆಯೇ ಮುಟ್ಟಬೇಕು. ಕಾರ್ಪೆಟ್ ಎತ್ತಿದ ಮೇಲೆ ಅಡಿ ಪೂರ್ತಿ ಒಣಗಬೇಕು, ಈ ಮಳೆಯಲ್ಲಿ ಅದು ಆಗದ ಮಾತು. ದಸರಾ ರಜೆಗೆ ಇಟ್ಟುಕೊಂಡಿದ್ದೇನೆ.