ಹಳೇ ಗೋರಿಗಳಲ್ಲಿ ನಿಮಗೆ ಏನು ಸಿಗುತ್ತೆ?

ಮಂಗಳೂರಿನಲ್ಲಿ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ) ಕಾಲದ ಹಳೇ ಸಮಾಧಿಗಳ ಮಧ್ಯೆ ನನ್ನ ಅಜ್ಜನ ಅಜ್ಜಿಯನ್ನು ಹುಡುಕುತ್ತಿದ್ದೇನೆ. ಇದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ: ‘ಅಲ್ಲಿ ನಿಮಗೆ ಏನು ಸಿಗುತ್ತೆ? ಜಾಗ ಏನಾದ್ರೂ ಉಂಟಾ?’

ಜಾಗ ಇಲ್ಲ. ಚಿನ್ನವೂ ಇಲ್ಲ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಒಂದು ಮದುವೆ ಊಟದಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, ‘ಸತ್ತವರನ್ನು ಸುಮ್ನೆ ಬಿಡು ಮಾರಾಯಾ, ಅಲ್ಲಿ ಹಾವು ಉಂಟು’ ಎಂದರು. ಅವರಿಗೆ ತರವಾಡು ಮನೆ, ಅಂದರೆ ಕುಟುಂಬದ ಮೂಲ ಮನೆ ಇದೆ. ದೈವದ ಕೋಲಕ್ಕೆ ಕುಟುಂಬವೆಲ್ಲ ಸೇರುತ್ತದೆ. ಏಳು ತಲೆಮಾರಿನ ಹೆಸರು ಬಾಯಲ್ಲೇ ಇದೆ. ಅಂಥವರು ಯಾಕೆ ಹುಡುಕಬೇಕು? ನನಗೆ ಸಿಟ್ಟು ಬಂದದ್ದು ಅದಕ್ಕೇ. ಬಾಸೆಲ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ದೀಕ್ಷಾಸ್ನಾನ ಪಡೆದು ಕ್ರೈಸ್ತರಾದ ಎಷ್ಟೋ ಜನರನ್ನು ಅವರ ಮನೆಯವರೇ ಹೊರಗೆ ಹಾಕಿದರು. ಪಾಲು ಹೋಯಿತು, ಬಂಧುಗಳು ಹೋದರು. ಅನ್ನ ಕೊಟ್ಟದ್ದು ಮಿಷನ್ನಿನ ನೇಯ್ಗೆ ಕಾರ್ಖಾನೆ, ಆಮೇಲೆ 1865ರಲ್ಲಿ ಶುರುವಾದ ಹಂಚಿನ ಕಾರ್ಖಾನೆ. ನಮ್ಮ ಮನೆಯ ಕಥೆ ಅಲ್ಲಿಂದ ಹಿಂದಕ್ಕೆ ಹೋಗುವುದೇ ಇಲ್ಲ.

ಯಾರಿಗೆ ಕಲ್ಲು ಇದೆ, ಯಾರಿಗೆ ಇಲ್ಲ ಅಂತ ಒಬ್ಬರಾದರೂ ಕೇಳಬಾರದೇ? ಪಾದ್ರಿಗಳ ಗೋರಿಯ ಮೇಲಿನ ಜರ್ಮನ್ ಅಕ್ಷರ ಇವತ್ತಿಗೂ ಓದಲು ಬರುತ್ತದೆ. ಕಾರ್ಖಾನೆಯಲ್ಲಿ ನೂಲು ಸುತ್ತಿದ ಹೆಂಗಸಿಗೆ ಬರೀ ಮಣ್ಣಿನ ದಿಬ್ಬ. ಕರಾವಳಿಯ ಮಳೆಗೆ ಅದು ಎಷ್ಟು ವರ್ಷ ನಿಂತೀತು? ಹಾಗಾಗಿ ಅರ್ಧ ಹುಡುಕಾಟ ಸಮಾಧಿ ಜಾಗದಲ್ಲಿ, ಇನ್ನರ್ಧ ಚರ್ಚಿನ ಹಳೇ ರಿಜಿಸ್ಟರುಗಳಲ್ಲಿ. ಅಲ್ಲೂ ಹೆಂಗಸರು ಎಷ್ಟೋ ಕಡೆ ‘ಇಂಥವನ ಹೆಂಡತಿ’ ಮಾತ್ರ. ಗಂಡನ ಹೆಸರು, ಮಕ್ಕಳ ದೀಕ್ಷಾಸ್ನಾನದ ತಾರೀಕು, ಎರಡನ್ನೂ ಜೋಡಿಸಿ ನೋಡಬೇಕು. ಅವರ ಕೂಲಿಯಲ್ಲೇ ನಮ್ಮ ಮನೆ ನಿಂತಿದೆ. ಅವರ ಹೆಸರು ನನಗೆ ಬೇಕು.

ಜೊತೆಗೆ ಬರುವವರಿದ್ದರೆ ಮಳೆ ನಿಂತು ಹುಲ್ಲು ಒಣಗಿದ ಮೇಲೆ ಬನ್ನಿ. ಬೆಳಗಿನ ಓರೆ ಬಿಸಿಲಿಗೆ ಸವೆದ ಅಕ್ಷರ ಎದ್ದು ಕಾಣುತ್ತದೆ. ಪಾಚಿಗೆ ನೀರು, ಮೆತ್ತನೆ ಬ್ರಷ್ ಸಾಕು. ತಂತಿ ಬ್ರಷ್, ಆಸಿಡ್ ದಯವಿಟ್ಟು ಬೇಡ. ಕಲ್ಲಿನ ಮೇಲ್ಪದರ ಕಿತ್ತುಹೋದರೆ ಆ ಹೆಸರನ್ನು ಮತ್ತೆ ಯಾರೂ ಓದಲಾರರು. ಮನೆಯ ಹಳೇ ಬೈಬಲ್ಲಿನ ಮೊದಲ ಪುಟದಲ್ಲಿ ಹೆಸರು, ತಾರೀಕು ಬರೆದಿದ್ದರೆ ಅದರ ಫೋಟೊ ತನ್ನಿ. ರಿಜಿಸ್ಟರಿನಲ್ಲಿ ಇಲ್ಲದ ಹೆಂಗಸರ ಹೆಸರು ಅಲ್ಲಿ ಸಿಗಬಹುದು.