ತಲಕಾಡಿನ ಮರಳು, ಕನ್ನಂಬಾಡಿಯ ಕಲ್ಲು

ನಮ್ಮ ಕಾಲೇಜಿನಲ್ಲಿ ಇತಿಹಾಸ ಓದಿದವರು ಎಲ್ಲಿ ಸೇರಿದರೂ ಮಾತು ಮೇಷ್ಟ್ರ ಶನಿವಾರದ ತರಗತಿಯ ಕಡೆಗೆ ಹೊರಳುತ್ತದೆ. ಪಠ್ಯದಲ್ಲಿ ಇಲ್ಲದ, ಪರೀಕ್ಷೆಗೆ ಬಾರದ ತರಗತಿ ಅದು. ಅಲ್ಲಿ ನಡೆಯುತ್ತಿದ್ದ ಕೆಲಸ ಒಂದೇ. ಮೈಸೂರು ಸೀಮೆಯವರೆಲ್ಲ ಕೇಳಿ ನಂಬಿದ ಒಂದು ಕಥೆಯನ್ನು ತೆಗೆದುಕೊಂಡು ಅದು ಹೇಗೆ ಕಟ್ಟಿದೆ ಎಂದು ಬಿಚ್ಚಿ ನೋಡುವುದು. ಮೇಷ್ಟ್ರು ತೀರಿಕೊಂಡ ಮೇಲೆ ಆ ತರಗತಿ ನಿಂತಿದೆ ಎಂದು ಕೇಳಿದೆ. ಈಗ ಓದುತ್ತಿರುವವರು ಮತ್ತೆ ಶುರು ಮಾಡಲಿ ಎಂಬ ಆಸೆಯಿಂದ, ಅದರ ಕ್ರಮವನ್ನು ನೆನಪಿದ್ದಷ್ಟು ಇಲ್ಲಿ ಬರೆದಿದ್ದೇನೆ.

ಬೇಕಾದದ್ದು ಒಂದು ಅಡ್ಡ ಹಾಳೆ, ಅದರಲ್ಲಿ ನಾಲ್ಕು ಅಂಕಣ. ಮೊದಲನೆಯದರಲ್ಲಿ ನಡೆದದ್ದು: ಯಾರು, ಎಲ್ಲಿ, ಯಾವ ವರ್ಷ. ಎರಡನೆಯದರಲ್ಲಿ ಕಥೆ ಕೊಡುವ ಕಾರಣ. ಮೂರನೆಯದರಲ್ಲಿ ಆ ಕಥೆ ಕೇಳಿದವನಿಗೆ ಏನು ಅನ್ನಿಸಬೇಕೋ ಅದು, ಅಂದರೆ ಹೆಮ್ಮೆ, ಭಯ, ಋಣ, ಸಿಟ್ಟು. ನಾಲ್ಕನೆಯದರಲ್ಲಿ ಕಥೆಯೊಳಗೆ ಇರಬೇಕಾಗಿದ್ದೂ ಇಲ್ಲದವರು. ಕಥೆ ಸುಳ್ಳೋ ನಿಜವೋ ಎಂದು ಬರೆಯಲು ಹಾಳೆಯಲ್ಲಿ ಜಾಗವೇ ಇರಲಿಲ್ಲ, ಮೇಷ್ಟ್ರು ಬೇಕೆಂದೇ ಹಾಗೆ ಮಾಡಿದ್ದರು. ಆ ತೀರ್ಪಿಗೆ ಆತುರಪಟ್ಟರೆ ಈ ನಾಲ್ಕು ಅಂಕಣಗಳನ್ನು ಯಾರೂ ತುಂಬುವುದಿಲ್ಲ.

ಕಾರಣದ ಅಂಕಣದ ಬಗ್ಗೆ ಅವರು ಮೊದಲೇ ಎಚ್ಚರಿಸುತ್ತಿದ್ದರು. ಕಾರಣ ಕೊಡದೆ ಮನಸ್ಸು ಸುಮ್ಮನಿರುವುದಿಲ್ಲ. 1944ರಲ್ಲಿ ಹೈಡರ್ ಮತ್ತು ಸಿಮ್ಮೆಲ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಎರಡು ತ್ರಿಕೋನ ಮತ್ತು ಒಂದು ವೃತ್ತ ಅತ್ತಿತ್ತ ಓಡಾಡುವ ಸಣ್ಣ ಚಿತ್ರವನ್ನು 34 ಜನರಿಗೆ ತೋರಿಸಿ, ಏನು ಕಂಡಿರಿ ಎಂದು ಕೇಳಿದರು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಆ ಆಕಾರಗಳಿಗೆ ಜೀವ ಕೊಟ್ಟು, ಅವುಗಳ ಜಗಳವನ್ನೋ ಅಟ್ಟಾಡಿಸುವಿಕೆಯನ್ನೋ ವಿವರಿಸಿದರು. ಬರೀ ಗೆರೆಗಳಲ್ಲೇ ಇಷ್ಟು ಕಾಣುವ ನಮ್ಮ ಮನಸ್ಸು ಒಂದು ಅರಮನೆ, ಒಂದು ನದಿ, ಒಂದು ಸಾವು ಸಿಕ್ಕರೆ ಕಥೆ ಕಟ್ಟದೆ ಬಿಡುವುದಿಲ್ಲ.

ಮೊದಲ ಹಾಳೆ ಯಾವಾಗಲೂ ತಲಕಾಡಿನದು. ಶಾಪದ ಮೂರು ಸಾಲು ಈ ಸೀಮೆಯ ಮಕ್ಕಳಿಗೆ ಬಾಯಿಪಾಠ: ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ. ನಡೆದದ್ದು ಎಂಬ ಅಂಕಣದಲ್ಲಿ ಗಟ್ಟಿಯಾಗಿ ನಿಲ್ಲುವುದು ಇಷ್ಟು: 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಆ ಪ್ರತಿನಿಧಿಯ ಪತ್ನಿ ಅಲಮೇಲಮ್ಮ ಈ ಶಾಪ ಹಾಕಿ ಒಡವೆಗಳ ಸಮೇತ ಕಾವೇರಿಗೆ ಹಾರಿದಳು ಎಂಬುದು ಪರಂಪರೆಯ ಮಾತು. ಅದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಬೇಕು.

ಮರಳಿನ ವಿಚಾರಕ್ಕೆ ಬಂದರೆ ನದಿಯ ಹತ್ತಿರವೇ ಹೋಗಬೇಕು. ತಲಕಾಡಿನ ಬಳಿ ಕಾವೇರಿ ತಿರುಗುತ್ತದೆ. ಯಾವ ನದಿಯಾದರೂ ತಿರುವಿನ ಹೊರದಂಡೆಯಲ್ಲಿ ವೇಗವಾಗಿ ಹರಿದು ತಳ ಕೊರೆಯುತ್ತದೆ, ಒಳದಂಡೆಯಲ್ಲಿ ವೇಗ ಕುಗ್ಗಿ ಹೊತ್ತು ತಂದ ಮರಳನ್ನು ಇಳಿಸುತ್ತದೆ. ಎದುರು ದಂಡೆಯ ಮಾಲಂಗಿಯಲ್ಲಿ ಮಡು, ಈ ದಂಡೆಯಲ್ಲಿ ಮರಳು. ಶಾಪದ ಮೊದಲ ಎರಡು ಸಾಲು ಒಂದೇ ನೀರಿನ ಎರಡು ಕೆಲಸವನ್ನು ಹೇಳುತ್ತಿವೆ. ಕಥೆ ಕಟ್ಟಿದವರು ನದಿಯನ್ನು ಚೆನ್ನಾಗಿ ನೋಡಿದ್ದರು ಎಂಬುದು ಇದರಿಂದ ಗೊತ್ತಾಗುತ್ತದೆ, ಅದಕ್ಕೆ ಅವರಿಗೆ ಗೌರವ ಸಲ್ಲಬೇಕು. ಇದರ ಮೇಲೆ, ವಿಜಯನಗರದ ಕಾಲದಲ್ಲಿ, 14ನೇ ಶತಮಾನದಲ್ಲಿ ಮಾಧವ ಮಂತ್ರಿ ಇಲ್ಲಿ ನದಿಗೆ ಅಣೆಕಟ್ಟು ಕಟ್ಟಿಸಿದ. ಕೆಳಗಿನ ಪಾತ್ರದಲ್ಲಿ ನೀರು ಇಳಿದು ಮರಳು ದಿಬ್ಬಗಳು ಬಯಲಾದವು, ಬೇಸಿಗೆಯಲ್ಲಿ ಒಣಗಿದ ಆ ಮರಳನ್ನು ನೈಋತ್ಯದ ಗಾಳಿ ಊರಿನ ಮೇಲೆ ತಂದು ಸುರಿಯಿತು ಎಂಬುದು ಹಲವು ವಿದ್ವಾಂಸರ ವಿವರಣೆ. ನೆಲದಡಿಯ ಬಿರುಕುಗಳ ಚಲನೆಯನ್ನೂ ಭೂವಿಜ್ಞಾನಿಗಳು ಸೇರಿಸುತ್ತಾರೆ. ಅಣೆಕಟ್ಟು ಶಾಪಕ್ಕಿಂತ ಎರಡು ಶತಮಾನಕ್ಕೂ ಹಿಂದಿನದು ಎಂಬುದನ್ನು ಮಾತ್ರ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ.

ಇಲ್ಲೇ ಹೆಚ್ಚಿನವರು ಜಾರುತ್ತಾರೆ. ಅಣೆಕಟ್ಟಿನ ವಿವರಣೆ ಕೈಗೆ ಸಿಕ್ಕ ಕೂಡಲೇ ಶಾಪ ಸುಳ್ಳು, ಅಣೆಕಟ್ಟೇ ನಿಜ ಎಂದು ಪುಸ್ತಕ ಮುಚ್ಚುತ್ತಾರೆ. ಆಗ ಅಲಮೇಲಮ್ಮನ ಜಾಗಕ್ಕೆ ಮಾಧವ ಮಂತ್ರಿ ಬಂದು ಕೂತಂತಾಯಿತು, ಒಬ್ಬ ವ್ಯಕ್ತಿ, ಒಂದು ತಪ್ಪು, ಒಂದು ಶಿಕ್ಷೆ ಎಂಬ ಚೌಕಟ್ಟು ಹಾಗೇ ಉಳಿಯಿತು. ಆದ್ದರಿಂದ ಮೇಷ್ಟ್ರು ಅಣೆಕಟ್ಟಿನ ವಿವರಣೆಗೂ ಅದೇ ನಾಲ್ಕು ಅಂಕಣದ ಇನ್ನೊಂದು ಹಾಳೆ ಕೇಳುತ್ತಿದ್ದರು. ಅಣೆಕಟ್ಟಿನಿಂದ ನೀರು ಪಡೆದ ಗದ್ದೆಗಳವರು ಎಲ್ಲಿ? ಅವರು ನಾಲ್ಕನೆಯ ಅಂಕಣಕ್ಕೆ ಬರಬೇಕಲ್ಲವೇ?

ಶಾಪದ ಮೂರನೆಯ ಸಾಲನ್ನು ಪರೀಕ್ಷಿಸಲು ವಂಶವೃಕ್ಷ ಬರೆಯಬೇಕು. ಪ್ರತಿ ಪಟ್ಟಕ್ಕೂ ಒಂದು ಗುರುತು ಹಾಕಿ: ಮಗ, ಮೊಮ್ಮಗ, ಸೋದರನ ಮಗ, ದತ್ತು. ಮುಮ್ಮಡಿ ಕೃಷ್ಣರಾಜರು ಚಾಮರಾಜೇಂದ್ರರನ್ನು ದತ್ತು ಪಡೆದರು. ಚಾಮರಾಜೇಂದ್ರರಿಗೆ ಗಂಡುಮಕ್ಕಳಿದ್ದರು. ಅವರ ಮಗ ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, 1940ರಲ್ಲಿ ತಮ್ಮನ ಮಗ ಜಯಚಾಮರಾಜರು ಪಟ್ಟಕ್ಕೆ ಬಂದರು. ಅವರಿಗೆ ಮಗ ಶ್ರೀಕಂಠದತ್ತರು. ಶ್ರೀಕಂಠದತ್ತರಿಗೆ ಮಕ್ಕಳಿಲ್ಲ, 2015ರಲ್ಲಿ ಯದುವೀರರ ದತ್ತು. ಯದುವೀರರಿಗೆ 2017ರಲ್ಲಿ ಮಗ. ಇಷ್ಟನ್ನೇ ನೋಡಿದರೆ ಮೈ ಜುಮ್ಮೆನ್ನುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಗಮನಿಸಿ, ಶಾಪದ ಮಾತು ದೊರೆಗಳಿಗೆ ಮಕ್ಕಳಾಗಬಾರದು ಎಂದು. ಮಕ್ಕಳಾದಾಗ ಕಥೆ ಮುರಿದು ಬೀಳಲಿಲ್ಲ. ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ, ದತ್ತು ಬಂದವರಿಗೆ ತಟ್ಟದು ಎಂದು ತನ್ನನ್ನು ತಾನೇ ರಿಪೇರಿ ಮಾಡಿಕೊಂಡಿತು. ನಾಡಿನ ದೊಡ್ಡ ಕಥೆಗಳಿಗೆಲ್ಲ ಈ ಗುಣವಿದೆ. ಎದುರು ಸಾಕ್ಷಿ ಬಂದಷ್ಟೂ ಹೊಸ ಉಪವಾಕ್ಯ ಸೇರುತ್ತದೆ.

ವೃಕ್ಷವನ್ನು ಇನ್ನೂ ಹಿಂದಕ್ಕೆ ಬರೆಯಿರಿ. ಚಿಕ್ಕದೇವರಾಜರ ನಂತರ ಅವರ ಮಗ ಕಂಠೀರವ ನರಸರಾಜರು, ಅವರ ನಂತರ ಅವರ ಮಗ ಕೃಷ್ಣರಾಜರು: 1673ರಿಂದ 1732ರವರೆಗೆ ಮೂರು ತಲೆಮಾರು ನೇರ ತಂದೆ ಮಗನ ಸಾಲು. ತಲೆಮಾರು ಬಿಟ್ಟು ತಲೆಮಾರು ಎಂಬ ಹೊಸ ಲೆಕ್ಕವೂ ಇಲ್ಲಿ ಕೂಡುವುದಿಲ್ಲ. ಪಕ್ಕಕ್ಕೂ ನೋಡಿ. ಸತಾರಾ, ಝಾನ್ಸಿ, ನಾಗಪುರಗಳನ್ನು ಗವರ್ನರ್ ಜನರಲ್ ಡಾಲ್‌ಹೌಸಿ 1848ರಿಂದ 1854ರೊಳಗೆ ಕಂಪನಿ ಆಡಳಿತಕ್ಕೆ ಸೇರಿಸಿಕೊಂಡದ್ದು ಹೊಟ್ಟೆಯಲ್ಲಿ ಹುಟ್ಟಿದ ಗಂಡು ವಾರಸುದಾರರಿಲ್ಲ ಎಂಬ ನೆಪದಿಂದಲೇ. ಅಲ್ಲಿ ಅಲಮೇಲಮ್ಮನ ಶಾಪವಿರಲಿಲ್ಲ. ಗಂಡು ಮಗುವಿಲ್ಲದ ಅರಮನೆಗಳು ಆ ಕಾಲದಲ್ಲಿ ಎಲ್ಲೆಡೆ ಇದ್ದವು, ನಮ್ಮದಕ್ಕೆ ಮಾತ್ರ ಇಷ್ಟು ಚಂದದ ಕಥೆ ಸಿಕ್ಕಿತು.

ಹಾಗಾದರೆ ಕಥೆಯಲ್ಲಿ ಸತ್ಯವೇ ಇಲ್ಲವೇ? ಮೂರನೆಯ ಅಂಕಣ ಇರುವುದು ಇದಕ್ಕೇ. ಗೆದ್ದ ಮನೆತನ ಸೋತವರ ಹೆಣ್ಣಿಗೆ ಅನ್ಯಾಯವಾಯಿತು ಎಂಬುದನ್ನು ನಾಲ್ಕು ಶತಮಾನ ನೆನಪಿಟ್ಟುಕೊಂಡಿದೆ, ಅಲಮೇಲಮ್ಮನಿಗೆ ಅರಮನೆಯಲ್ಲೇ ಪೂಜೆ ಸಲ್ಲುತ್ತದೆ. ಇಂಥ ತಪ್ಪೊಪ್ಪಿಗೆ ಯಾವ ಶಾಸನದಲ್ಲೂ ಸಿಗುವುದಿಲ್ಲ. ಕಥೆಯನ್ನು ಬಿಸಾಡಿದರೆ ಇದೂ ಹೋಗುತ್ತದೆ.

ಎರಡನೆಯ ಅಭ್ಯಾಸ ಬಾಯಿಂದ ಬಾಯಿಗೆ ದಾಟಿಸುವುದು. ಸುಮಾರು 200 ಪದಗಳ, ತರಗತಿಯ ಯಾರಿಗೂ ಚೆನ್ನಾಗಿ ಗೊತ್ತಿಲ್ಲದ ಒಂದು ಘಟನೆಯ ವಿವರ ಬೇಕು. ಮೇಷ್ಟ್ರು ಆರಿಸುತ್ತಿದ್ದದ್ದು 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕದನ, ಹೈದರ್ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೋಲಿಸಿದ್ದು. ಮೊದಲನೆಯವರು ಎರಡು ಸಲ ಓದಿ ಹಾಳೆ ಹಿಂದಿರುಗಿಸಬೇಕು, ಕಾಲು ಗಂಟೆ ಬೇರೆ ಮಾತಾಡಬೇಕು, ಆಮೇಲೆ ಹೊರಗಿನಿಂದ ಬಂದ ಎರಡನೆಯವರಿಗೆ ಹೇಳಬೇಕು. ಹೀಗೆ ಎಂಟು ಜನ. ಎಂಟನೆಯವರು ಕಪ್ಪುಹಲಗೆಯ ಮೇಲೆ ಬರೆದದ್ದನ್ನು ಮೂಲದ ಪಕ್ಕ ಇಟ್ಟು ನೋಡುವುದು. ಟಿಪ್ಪಣಿ ಬರೆದುಕೊಳ್ಳಲು ಬಿಟ್ಟರೆ ಅಭ್ಯಾಸ ಕೆಟ್ಟಿತು. ನೆನಪಿನ ಪರೀಕ್ಷೆ ಎಂದು ಮೊದಲೇ ಹೇಳಿದರೂ ಕೆಟ್ಟಿತು, ಎಲ್ಲರೂ ಅಂಕಿಅಂಶ ಉರುಹೊಡೆಯುತ್ತಾರೆ. ಸುಮ್ಮನೆ ಸುದ್ದಿ ಹೇಳುವ ಹಾಗೆ ಹೇಳಿಸಬೇಕು.

ಮೊದಲು ಬಿದ್ದುಹೋಗುವುದು ಸಂಖ್ಯೆಗಳು. ನಂತರ ಚಿಕ್ಕ ಹೆಸರುಗಳು. ಕಂಪನಿಯ ಕರ್ನಲ್ ಬೈಲಿಯ ತುಕಡಿ ಸಿಕ್ಕಿಬಿದ್ದಾಗ ಹೆಕ್ಟರ್ ಮನ್ರೋನ ದೊಡ್ಡ ಸೈನ್ಯ ಕಾಂಚೀಪುರದಲ್ಲೇ ಇತ್ತು, ಸಮಯಕ್ಕೆ ಬಂದು ಸೇರಲಿಲ್ಲ. ಸೋಲಿನ ದೊಡ್ಡ ಕಾರಣ ಅದು, ಆದರೆ ಮೂರನೆಯ ಬಾಯಿಗೆ ಮನ್ರೋ ಮಾಯ. "ಎನ್ನುತ್ತಾರೆ", "ಇರಬಹುದು" ಎಂಬ ಮಾತುಗಳು ಅವನ ಹಿಂದೆಯೇ ಹೋಗುತ್ತವೆ. ಕೊನೆಗೆ ಉಳಿಯುವುದು ಟಿಪ್ಪು, ರಾಕೆಟ್ಟು, ಮದ್ದಿನ ಬಂಡಿ ಸ್ಫೋಟಿಸಿದ್ದು. ಕೇಂಬ್ರಿಡ್ಜಿನ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೂ ಹೀಗೇ ಆಯಿತು: ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲಿಷ್ ಓದುಗರು ಮರುಹೇಳುವಾಗ ಅಪರಿಚಿತ ವಿವರಗಳು ಸವೆದು, ಅಲ್ಲಿನ ಕ್ಯಾನೂ ಎಂಬ ಕಿರುನಾವೆ ಇವರ ಮಾಮೂಲಿ ದೋಣಿಯಾಯಿತು. ಮರೆವು ಕಣ್ಣುಮುಚ್ಚಿ ಕೆಲಸ ಮಾಡುವುದಿಲ್ಲ, ತನಗೆ ಗೊತ್ತಿರುವ ಆಕಾರಕ್ಕೆ ತಕ್ಕಂತೆ ಕತ್ತರಿಸುತ್ತದೆ.

ಇದಾದ ಮೇಲೆ ಶ್ರೀರಂಗಪಟ್ಟಣದ ದರಿಯಾ ದೌಲತ್. 1784ರ ಈ ಬೇಸಿಗೆ ಅರಮನೆಯ ಪಶ್ಚಿಮ ಗೋಡೆಯ ಮೇಲೆ ಅದೇ ಕದನವಿದೆ. ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುವ ಬೈಲಿ, ಅವನ ಸುತ್ತ ಚೌಕಾಕಾರವಾಗಿ ನಿಂತ ಸಿಪಾಯಿಗಳು, ಸಿಡಿಯುವ ಮದ್ದಿನ ಬಂಡಿ, ನೆಮ್ಮದಿಯ ಮುಖದ ಹೈದರ್ ಮತ್ತು ಟಿಪ್ಪು. ಮೊದಲ ಅರ್ಧ ಗಂಟೆ ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬೇಕು, ಫಲಕ ಓದಬಾರದು. ಆಮೇಲೆ ಈ ಚಿತ್ರದ ಚರಿತ್ರೆ ತಿಳಿಯಬೇಕು. ಇದು ಅಳಿಸಿಹೋಗಿತ್ತು, 1799ರ ನಂತರ ಇಲ್ಲಿ ವಾಸವಿದ್ದ ಬ್ರಿಟಿಷ್ ಕರ್ನಲ್ ವೆಲ್ಲೆಸ್ಲಿ ಸರಿಪಡಿಸಿದ, ಮತ್ತೆ ಹಾಳಾದಾಗ ಡಾಲ್‌ಹೌಸಿಯ ಆಜ್ಞೆಯಂತೆ ಮೂಲ ಚಿತ್ರ ನೆನಪಿದ್ದ ಇಲ್ಲಿನ ಕಲಾವಿದನಿಂದ ಬರೆಸಲಾಯಿತು. ಮೈಸೂರಿನ ಗೆಲುವನ್ನು ಸಾರುವ ಚಿತ್ರವನ್ನು ಉಳಿಸಿದವರು ಅಂದು ಸೋತ ಪಕ್ಷದವರು. ಟಿಪ್ಪುವಿನ ಬಗ್ಗೆ ಯಾವ ಅಭಿಪ್ರಾಯ ಇಟ್ಟುಕೊಂಡವರೂ ಈ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಮಂಡ್ಯದ ಕಡೆಯ ಹುಡುಗರಿಗೆ ಮೇಷ್ಟ್ರು ಕೊಡುತ್ತಿದ್ದ ಹಾಳೆ ಕನ್ನಂಬಾಡಿ ಕಟ್ಟೆಯದು, ಅಂದರೆ ಕೃಷ್ಣರಾಜಸಾಗರ ಅಣೆಕಟ್ಟಿನದು, ಎಲ್ಲಕ್ಕಿಂತ ಕಷ್ಟದ್ದು. ವಿಶ್ವೇಶ್ವರಯ್ಯನವರ ಫೋಟೋ ದೇವರ ಪಟಗಳ ಸಾಲಿನಲ್ಲಿ ಇರುವ ಮನೆಗಳಿಂದ ಬಂದವರು ಅದನ್ನು ಬಿಚ್ಚಬೇಕು. ಕೆಲಸ ಶುರುವಾದದ್ದು 1911ರಲ್ಲಿ, ಮುಗಿದದ್ದು 1931ರ ಹೊತ್ತಿಗೆ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದು 1918ರಲ್ಲಿ. ಆಮೇಲಿನ ದಿವಾನರು ಕಾಂತರಾಜ ಅರಸು, ಆಲ್ಬಿಯನ್ ಬ್ಯಾನರ್ಜಿ, ಮಿರ್ಜಾ ಇಸ್ಮಾಯಿಲ್. ಅಣೆಕಟ್ಟಿನ ಎತ್ತರಕ್ಕೂ ನೀರಾವರಿಗೂ ಆಧಾರವಾದ, ಮದ್ರಾಸಿನ ಜೊತೆಗಿನ 1924ರ ಕಾವೇರಿ ಒಪ್ಪಂದ ಆದದ್ದು ಬ್ಯಾನರ್ಜಿಯವರ ಕಾಲದಲ್ಲಿ, ಅವರ ಪಟ ಯಾವ ಮನೆಯಲ್ಲೂ ಇಲ್ಲ. ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ ಅರೆದವರು, ಮುಳುಗಡೆಯಾದ ಹಳೆ ಕನ್ನಂಬಾಡಿಯವರು ನಾಲ್ಕನೆಯ ಅಂಕಣಕ್ಕೆ. ಅಣೆಕಟ್ಟಿನ ಬಳಿಯೇ ಟಿಪ್ಪುವಿನ ಕಾಲದ ಅಣೆ ಯೋಜನೆಯ ಪರ್ಷಿಯನ್ ಶಾಸನವೂ ಇದೆ. ರಾಜಮನೆತನದ ಒಡವೆ ಮಾರಿ ಹಣ ಹೊಂದಿಸಿದರು ಎಂಬ ಮಾತನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ರೈತ ತೆತ್ತ ಕಂದಾಯ ಆ ಕಥೆಯಲ್ಲಿ ಬರುವುದಿಲ್ಲ ಎಂಬುದನ್ನೂ ಬರೆಯಿರಿ.

ಇದರಿಂದ ವಿಶ್ವೇಶ್ವರಯ್ಯನವರು ಕಿರಿದಾಗುವುದಿಲ್ಲ. ಒಬ್ಬರೇ ಕಟ್ಟಿದರು ಎಂದು ನಂಬಿದ ಊರು, ನಾಲೆಯಲ್ಲಿ ಹೂಳು ತುಂಬಿದಾಗ ಇನ್ನೊಬ್ಬ ವಿಶ್ವೇಶ್ವರಯ್ಯ ಬರಲಿ ಎಂದು ಕಾಯುತ್ತದೆ. ಮೂವತ್ತು ಕೈ ಸೇರಿ ಮಾಡುವ ಕೆಲಸ ಅದರ ಕಣ್ಣಿಗೆ ಬೀಳುವುದಿಲ್ಲ. ಕಥೆ ವಾಸ್ತವವನ್ನು ರೂಪಿಸುವುದು ಎಂದರೆ ಇದು, ಇದರ ಬಗ್ಗೆ ನನಗೆ ನಿಜವಾದ ಆತಂಕವಿದೆ.

ಕೊನೆಯ ಹಾಳೆ ಮದ್ದೂರಿನ ಶಿವಪುರ, 1938ರ ಏಪ್ರಿಲ್. ನಿಷೇಧ ಮೀರಿ ರಾಷ್ಟ್ರಧ್ವಜ ಹಾರಿಸಿದ ಸತ್ಯಾಗ್ರಹ. ಯಾರ ವಿರುದ್ಧ ಎಂದು ತರಗತಿಯಲ್ಲಿ ಕೇಳಿದರೆ ಬ್ರಿಟಿಷರ ವಿರುದ್ಧ ಎಂಬ ಉತ್ತರ ಬರುತ್ತಿತ್ತು, ಏಕೆಂದರೆ ದೇಶದ ದೊಡ್ಡ ಕಥೆಯಲ್ಲಿ ಎದುರಾಳಿ ಒಬ್ಬನೇ. ನಿಷೇಧ ಹೊರಡಿಸಿದ್ದು ಮೈಸೂರು ಸರ್ಕಾರ, ಪಟ್ಟದಲ್ಲಿ ಇದ್ದವರು ಕನ್ನಂಬಾಡಿ ಕಟ್ಟಿಸಿದ ಅದೇ ನಾಲ್ವಡಿಯವರು, ದಿವಾನರು ಮಿರ್ಜಾ. ಅದೇ ತಿಂಗಳು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಮಂಡ್ಯ ಪ್ರೀತಿಸುವ ಎರಡು ಕಥೆಗಳು ಇಲ್ಲಿ ಮುಖಾಮುಖಿಯಾಗುತ್ತವೆ, ಒಂದನ್ನು ಹೇಳುವಾಗ ಇನ್ನೊಂದನ್ನು ಮೆಲ್ಲಗೆ ಬದಿಗೆ ಸರಿಸುವುದು ರೂಢಿ.

ಈ ಹಾಳೆ ತುಂಬಲು ಶಿವಪುರದ ಸತ್ಯಾಗ್ರಹ ಸೌಧ ನೋಡಿ, ನಂತರ ಸುತ್ತಲಿನ ಊರುಗಳ ಹಿರಿಯರನ್ನು ಕಾಣಬೇಕು. ಹೋಗುವಾಗ ಇಬ್ಬರೇ ಹೋಗಿ, ಗುಂಪು ಹೋದರೆ ಹಿರಿಯರು ಭಾಷಣಕ್ಕೆ ಇಳಿಯುತ್ತಾರೆ. ಸತ್ಯಾಗ್ರಹದ ಬಗ್ಗೆ ಹೇಳಿ ಎಂದು ಶುರು ಮಾಡಬೇಡಿ, ಪಠ್ಯಪುಸ್ತಕವೇ ಉತ್ತರವಾಗಿ ಬರುತ್ತದೆ. ಆ ವರ್ಷ ಮನೆಯಲ್ಲಿ ಯಾರ್‍ಯಾರಿದ್ದರಂತೆ, ಅಷ್ಟು ಜನಕ್ಕೆ ಅಡಿಗೆ ಎಲ್ಲಿ ಆಯಿತಂತೆ, ನೀರು ಯಾರ ಬಾವಿಯದು, ಹೆಂಗಸರು ಎಲ್ಲಿ ಕೂತಿದ್ದರಂತೆ ಎಂದು ಕೇಳಿ. ಅವರು ಕಂಡದ್ದು ಯಾವುದು, ತಂದೆ ತಾಯಿಯಿಂದ ಕೇಳಿದ್ದು ಯಾವುದು ಎಂದು ಅಲ್ಲೇ ಬೇರೆ ಮಾಡಿಕೊಳ್ಳಿ. ಒಂದೇ ಮನೆಯ ಅಣ್ಣನನ್ನೂ ತಂಗಿಯನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿ, ಎರಡು ಉತ್ತರ ಬಂದರೆ ಎರಡನ್ನೂ ಹಾಗೇ ಬರೆದು, ಹಾಳೆಯ ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ.