ಡ್ಯಾಶ್‌ಬೋರ್ಡಿನ ಹಳದಿಗೆ ಒಂದೇ ಅರ್ಥವಿರಲಿ

ನಮ್ಮ ಮೆಟ್ರೊ ಪ್ರಯಾಣಿಕರ ಸಂಖ್ಯೆಯನ್ನು ತೋರಿಸುವ ಡ್ಯಾಶ್‌ಬೋರ್ಡೊಂದನ್ನು, ಅಂದರೆ ಚಾರ್ಟು–ನಕ್ಷೆಗಳ ಪುಟವೊಂದನ್ನು, ರೂಪಿಸುವವರಿಗೆ ಬಣ್ಣದ ಆಯ್ಕೆಯಲ್ಲಿ ಪೂರ್ಣ ಸ್ವಾತಂತ್ರ್ಯವಿಲ್ಲ. ನೇರಳೆ ಮತ್ತು ಹಸಿರು ಮಾರ್ಗಗಳ ಜೊತೆಗೆ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗವೂ ಸೇರಿದ ಮೇಲೆ, ಈ ಮೂರು ಬಣ್ಣಗಳು ಬೆಂಗಳೂರಿನವರಿಗೆ ಹೆಸರುಗಳೇ ಆಗಿವೆ. ಸಾಫ್ಟ್‌ವೇರ್ ತಾನಾಗಿ ಆರಿಸಿದ ಕಿತ್ತಳೆ ಬಣ್ಣವನ್ನು ನೇರಳೆ ಮಾರ್ಗದ ಗೆರೆಗೆ ಹಾಗೆಯೇ ಬಿಟ್ಟರೆ, ಮೆಜೆಸ್ಟಿಕ್‌ನಲ್ಲಿ ದಿನವೂ ರೈಲು ಬದಲಿಸುವವರು ಕೂಡ ಯಾವ ಗೆರೆ ಯಾವುದೆಂದು ಮತ್ತೆ ಮತ್ತೆ ಹುಡುಕಬೇಕಾಗುತ್ತದೆ.

ನಿಜವಾದ ತೊಡಕು ಅದೇ ಪುಟದಲ್ಲಿ ರೈಲುಗಳ ಸಮಯಪಾಲನೆಯನ್ನೂ ತೋರಿಸಲು ಹೊರಟಾಗ ಎದುರಾಗುತ್ತದೆ. ಸಮಯಕ್ಕೆ ಬಂದರೆ ಹಸಿರು, ಸ್ವಲ್ಪ ತಡವಾದರೆ ಹಳದಿ, ಬಹಳ ತಡವಾದರೆ ಕೆಂಪು ಎಂಬ ರೂಢಿಯನ್ನು ಇಲ್ಲಿ ತಂದರೆ, ಹಳದಿ ಚೌಕವೊಂದು ಮಾರ್ಗವನ್ನು ಸೂಚಿಸುತ್ತಿದೆಯೋ ಎಚ್ಚರಿಕೆಯನ್ನೋ ಎಂದು ಓದುಗರು ಊಹಿಸಬೇಕಾಗುತ್ತದೆ. ಹವಾಮಾನ ಇಲಾಖೆಯ ಹಳದಿ ಎಚ್ಚರಿಕೆಯನ್ನೂ ಪಕ್ಕದಲ್ಲಿಟ್ಟರೆ ಒಂದೇ ಬಣ್ಣಕ್ಕೆ ಮೂರು ಅರ್ಥಗಳಾಗುತ್ತವೆ. ಇಂಥ ಕಡೆ ಬಣ್ಣವನ್ನು ಮಾರ್ಗಗಳಿಗೇ ಮೀಸಲಿಟ್ಟು, ವಿಳಂಬವನ್ನು ‘ತಡ’ ಎಂಬ ಪದದಿಂದಲೂ ನಿಮಿಷಗಳ ಅಂಕಿಯಿಂದಲೂ ತಿಳಿಸುವುದೇ ಸರಿಯೆಂದು ನಾನು ದೃಢವಾಗಿ ನಂಬಿದ್ದೇನೆ. ಕೆಂಪು–ಹಸಿರುಗಳ ವ್ಯತ್ಯಾಸ ಸ್ಪಷ್ಟವಾಗಿ ಕಾಣದವರಿಗೂ (ಇವರಲ್ಲಿ ಗಂಡಸರೇ ಹೆಚ್ಚು) ಆಗ ಮಾಹಿತಿ ತಪ್ಪಿಹೋಗುವುದಿಲ್ಲ.

ಹಳದಿಗೆ ಇನ್ನೊಂದು ಕಷ್ಟವಿದೆ. ಚಾರ್ಟಿನ ಅರ್ಥಪೂರ್ಣ ಭಾಗಗಳಿಗೂ ಹಿನ್ನೆಲೆಗೂ ನಡುವೆ ಕನಿಷ್ಠ 3:1 ಕಾಂಟ್ರಾಸ್ಟ್ (ಹೊಳಪಿನ ಅಂತರ) ಇರಬೇಕೆಂದು, ಜಾಲಪುಟಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆಂದು ರೂಪಿಸಿದ 2018ರ ಡಬ್ಲ್ಯುಸಿಎಜಿ 2.1 ಮಾನದಂಡ ಹೇಳುತ್ತದೆ. ಬಿಳಿಯ ಮೇಲಿನ ಅಚ್ಚ ಹಳದಿಯಲ್ಲಿ ಅದು ಸುಮಾರು 1.07:1 ಮಾತ್ರ. ಆದ್ದರಿಂದ ಅರಿಶಿನಕ್ಕಿಂತ ಗಾಢವಾದ ಛಾಯೆಯನ್ನು ಆರಿಸಿ, ಗೆರೆಯ ತುದಿಯಲ್ಲಿಯೇ ‘ಹಳದಿ ಮಾರ್ಗ’ ಎಂದು ಬರೆಯಬೇಕು.

ನಿಲ್ದಾಣಗಳ ಜನಸಂದಣಿಯ ನಕ್ಷೆಗೆ ಬೇರೆಯೇ ನಿಯಮ. ಅಲ್ಲಿ ಬಣ್ಣ ಪ್ರಮಾಣವನ್ನು ಹೇಳಬೇಕಾದ್ದರಿಂದ, ತಿಳಿಯಿಂದ ಗಾಢಕ್ಕೆ ಸಾಗುವ ಒಂದೇ ವರ್ಣ ಸಾಕು. ಕಾಮನಬಿಲ್ಲಿನ ಬಣ್ಣಗಳನ್ನು ಹರಡಿದರೆ ನಡುವಿನ ಹಳದಿಯೇ ಎಲ್ಲಕ್ಕಿಂತ ಹೊಳೆದು, ಮಧ್ಯಮ ಸಂದಣಿಯ ನಿಲ್ದಾಣವೇ ಮೊದಲು ಕಣ್ಣಿಗೆ ಬೀಳುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಾರ್ಟ್ ಬಿಡಿಸಲು ಬಳಸುವ ಮ್ಯಾಟ್‌ಪ್ಲಾಟ್‌ಲಿಬ್‌ನ 2.0 ಆವೃತ್ತಿಯು ‘ಜೆಟ್’ ಎಂಬ ಅಂಥದೇ ವರ್ಣಪಟ್ಟಿಯನ್ನು ಪೂರ್ವನಿಯೋಜಿತ ಸ್ಥಾನದಿಂದ ಇಳಿಸಿ, ಹೊಳಪು ಏಕರೀತಿಯಲ್ಲಿ ಏರುವ ‘ವಿರಿಡಿಸ್’ ಅನ್ನು ತಂದಿತು. ಮಾರ್ಗಗಳಿಗೆ ಮೀಸಲಾದ ಬಣ್ಣಗಳನ್ನು ಬದಿಗಿಟ್ಟು, ಈ ನಕ್ಷೆಗೆ ನಾನು ಕಂದು ಬಣ್ಣವನ್ನು ಆರಿಸುತ್ತೇನೆ.